ವಿಶ್ವನಾಥ ಅಂದ್ರೆ ನಾನೇ

ಬಟವಾಡಿ, ತುಮಕೂರು
6 ಜುಲೈ 2025

ಅರ್ಜೂ,

ಆಯ್ತು ಕಣಮ್ಮ, ನೀನೇ ಗೆದ್ದೆ. "ಫೋನಲ್ಲಿ ನಗಿಸಿ ನಗಿಸಿ ತಪ್ಪಿಸ್ಕೋತೀರಾ ಅಬ್ಬಾ, ನನ್ನ ಕಾದಂಬರಿ ಹೆಂಗಿದೆ ಅಂತ ನೆಟ್ಟಗೆ ಒಂದು ಮಾತು ಹೇಳಲ್ಲ, ಕಾಗದದಲ್ಲಿ ಬರೆದು ಕಳ್ಸೋವರ್ಗೂ ನಾನು ಮನೆಗೆ ಬರಲ್ಲ" ಅಂದ್ಯಲ್ಲ, ತಗೋ ಕಾಗದ. ನಾಲ್ಕನೇ ಕ್ಲಾಸಲ್ಲಿ ಸ್ಲೇಟು ಒಡೆದು ಓಡಿ ಬಂದೋನ ಕೈಲಿ ವಿಮರ್ಶೆ ಬರೆಸ್ತಾ ಇದೀಯ, ಆಮೇಲೆ ಬೇಜಾರ್ ಮಾಡ್ಕೋಬೇಡ. ಮನೇಲಿ ಉರ್ದು ಆಡಿದ್ರೂ ನನಗೆ ಬರೆಯೋಕೆ ಬರೋದು ಕನ್ನಡ ಒಂದೇ, ಅದೂ ಬಾಯಲ್ಲಿ ಬಂದಂಗೆ. ನಿನ್ನ ಕಾಲೇಜು ಮಕ್ಕಳಿಗೆ ತೋರಿಸಿ ಕೆಂಪು ಇಂಕಲ್ಲಿ ತಿದ್ದಿಸಬೇಡ.

ಬಸ್ಸಲ್ಲಿ ಕೂತ್ರೆ ಒಂದು ಪೊಟ್ಟಣ ಕಡ್ಲೆಕಾಯಿ ಮುಗಿಯೋದ್ರೊಳಗೆ ಕುಣಿಗಲ್ ಬರ್ತದೆ. ಈ ಕಾಗದ ಎಷ್ಟು ದಿನಕ್ಕೆ ಬರ್ತದೋ. ದಾರೀಲಿ ಅದಕ್ಕೂ ಊಟ ತಿಂಡಿ ಆಗ್ಬೇಕಲ್ಲ.

ಮೊದ್ಲು ಖುಷಿ ವಿಷ್ಯ. ಪ್ರಕಾಶಕರು ಕೊಟ್ಟ ಕಟ್ಟು ಅಷ್ಟೂ ಅಂಗಡೀಲೇ ಖಾಲಿ. ಆಟೋ ಹುಡ್ ಹೊಲಿಸೋಕೆ ಬಂದೋನು ಸೀಟ್ ಕವರ್ ಜೊತೆ "ಹಿತ್ತಿಲ ಚಿಲಕ" ತಗೊಂಡೇ ಹೋಗ್ಬೇಕು. "ನಂಗೆ ಓದೋಕೆ ಬರಲ್ಲ ಪಾಷಣ್ಣ" ಅಂದೋನಿಗೆ "ನಿನ್ನ ಹೆಂಡ್ತಿಗೆ ಬರ್ತದಲ್ವಾ, ತಗೊಂಡ್ ಹೋಗು" ಅಂತ ತುರುಕಿದೀನಿ. ಇನ್ನೊಂದು ಕೆಲಸ ಮಾಡಿದೀನಿ, ನೀನು ಬೈಬೇಡ. ರೆಕ್ಸಿನ್ ಕತ್ತರಿಸಿ, ನಿನ್ನ ಪುಸ್ತಕದ ಮುಖಪುಟದಲ್ಲಿರೋ ಚಿಲಕದ ಚಿತ್ರಾನೇ ಹಳದಿ ದಾರದಲ್ಲಿ ಹೊಲಿದು, ಕೆಳಗೆ "ಹಿತ್ತಿಲ ಚಿಲಕ, ಲೇಖಕಿ ಅರ್ಜೂ, ನಮ್ಮ ಉಪ್ಪಾರಹಳ್ಳಿ ಹುಡುಗಿ" ಅಂತ ಹಾಕಿ, ಆಟೋಗಳ ಹಿಂದಿನ ಪರದೆಗೆ ಪಟ್ಟಿ ಹೊಲಿದು ಕೊಟ್ಟಿದೀನಿ. ಈಗ ತುಮಕೂರು ತುಂಬಾ ನೀನೇ ಓಡಾಡ್ತಾ ಇದೀಯ. ಟ್ರಾಫಿಕ್ ಜಾಮ್ ಆದ್ರೆ ಜನ ಬೇರೆ ದಾರಿಯಿಲ್ದೆ ನಿನ್ನ ಹೆಸರೇ ಓದ್ಬೇಕು.

ನಮ್ಮ ವಂಶದಲ್ಲಿ ಹಾಸಿಗೆ ಹೊಲಿದವ್ರೆ, ಕುದುರೆ ಜೀನು ಹೊಲಿದವ್ರೆ, ನಾನು ಆಟೋ ಹೊಲೀತೀನಿ. ಪುಸ್ತಕ ಬರೆದೋಳು ನೀನೇ ಮೊದ್ಲು. ಅದನ್ನ ಪರದೆ ಮೇಲೆ ಹಾಕ್ದೆ ಇನ್ನೆಲ್ಲಿ ಹಾಕ್ಲಿ?

ಈಗ ವಿಮರ್ಶೆ. ನಾನು ಬೆರಳಿಟ್ಕೊಂಡು ಓದೋನು, ತೊಂಬತ್ತನೇ ಪುಟದವರೆಗೂ ಬಂದಿದೀನಿ. ಶುರೂಲಿ ಸ್ವಲ್ಪ ಎಳೆದಿದೀಯ ಕಣಮ್ಮ. ಆ ಕಾವೇರಿ ಎದ್ದಾಗ್ಲಿಂದ ಟೀ ಮಾಡ್ತಾನೇ ಇದಾಳೆ. ಒಂದ್ಸಲ ಮಾಡಿದ್ಲು ಅಂದ್ರೆ ನಂಬ್ತೀವಪ್ಪ, ಪುಟಕ್ಕೊಂದ್ಸಲ ಸ್ಟವ್ ಹಚ್ಚಿದ್ರೆ ಸಿಲಿಂಡರ್ ಗತಿ ಏನು? ಆದ್ರೆ ಆ ಅವಳ ಗಂಡ ವಿಶ್ವನಾಥ ಇದಾನಲ್ಲ, ಅವನು ಬಂದ ಅಂದ್ರೆ ಪುಸ್ತಕಕ್ಕೆ ಜೀವ ಬರ್ತದೆ. ಏನ್ ಮನುಷ್ಯ! ಬಂದೋರನ್ನೆಲ್ಲ ನಗಿಸ್ತಾನೆ. ಅದೂ ಯಾರ ಜೋಕು? ನನ್ನವು! "ಈ ಟೀಗೆ ಸಕ್ಕರೆ ಹಾಕಿದೀಯೋ, ಇಲ್ಲ ಸಕ್ಕರೆ ಡಬ್ಬ ತೋರಿಸಿ ಕರ್ಕೊಂಡ್ ಬಂದ್ಯೋ?" ಅಂತಾನಲ್ಲ, ಅದು ನಂದು. ನಲವತ್ತೊಂದನೇ ಪುಟದಲ್ಲಿ ನೆಂಟರ ಮುಂದೆ, "ಹೆಣ್ಣು ನೋಡೋಕೆ ಹೋದಾಗ ಅಕ್ಕನ್ನ ತೋರ್ಸಿದ್ರು, ಮದ್ವೆ ದಿನ ತಂಗೀನ ಕೂರಿಸಿದ್ರು, ಬಿಲ್ ಇಲ್ದೆ ತಗೊಂಡ್ರೆ ಎಕ್ಸ್‌ಚೇಂಜ್ ಎಲ್ಲಿ ಮಾಡಿಸ್ಲಿ" ಅಂತಾನಲ್ಲ, ಅದಂತೂ ನನ್ನ ಕೈಕೆಲಸ, ನಮ್ಮ ಮದ್ವೆ ಆದಾಗ್ಲಿಂದ ಎಲ್ಲಾ ಫಂಕ್ಷನ್ನಲ್ಲೂ ಓಡಿರೋದು. ಅಕ್ಷರ ಬಿಡದೆ ಇಳಿಸಿದೀಯ!

ನಂಗೆ ಎಷ್ಟು ಖುಷಿ ಆಯ್ತು ಅಂದ್ರೆ, ಅಂಗಡಿ ಮುಂದೆ ನಿಂತು ಬಟವಾಡಿಗೆಲ್ಲ ಹೇಳ್ಬಿಟ್ಟೆ, "ವಿಶ್ವನಾಥ ಅಂದ್ರೆ ನಾನೇ ಕಣ್ರಪ್ಪ! ನನ್ನ ಮಗಳು ನನ್ನನ್ನ ಹೀರೋ ಮಾಡಿದಾಳೆ!" ಗುಬ್ಬಿ ವೆಂಕಟರಂಗಯ್ಯ ತೆಂಗಿನಕಾಯಿ ಲೋಡು ಇಳಿಸಿ ಬಂದಿದ್ದ, ಅವನೂ ಹೆಂಡ್ತಿಗೆ ಓದಿಸ್ತೀನಿ ಅಂತ ಒಂದು ತಗೊಂಡ.

ಉಳಿದಿದ್ದು ಓದಿ ಬರೀತೀನಿ. ನಮ್ಮ ಅಳಿಯ ಝುಬೇರ್‌ಗೆ ಸಲಾಂ ಹೇಳು. ಅವನು ಓದಿದ್ನಾ? ನಕ್ಕಿರಲ್ಲ ಬುಡು. ಜೋಕ್ ಹೇಳಿದ್ರೆ ಬಿಲ್ ಕೇಳೋ ಮನುಷ್ಯ ಅವನು.

ನಿನ್ನ ಅಬ್ಬಾ, ಉರುಫ್ ವಿಶ್ವನಾಥ,
ಮುನಾವರ್ ಪಾಷಾ


ಕುಣಿಗಲ್
10 ಜುಲೈ 2025

ಪ್ರೀತಿಯ ಅಬ್ಬಾ,

ಅಸ್ಸಲಾಮು ಅಲೈಕುಂ. ನಿಮ್ಮ ಕಾಗದ ನಿನ್ನೆ ಸಂಜೆ ಸಿಕ್ಕಿತು. ಸ್ಟಾಫ್ ರೂಮಿನಲ್ಲಿ ಓದಿ ಜೋರಾಗಿ ನಕ್ಕೆ. ಪಕ್ಕದಲ್ಲಿದ್ದ ಹೇಮಶ್ರೀ ಮೇಡಂ ಏನೆಂದು ಕೇಳಿದರು, ಓದಿ ಹೇಳಿದೆ, ಅವರೂ ನಕ್ಕರು. ಆಮೇಲೆ ಅವರು ನಗು ನಿಲ್ಲಿಸಿ ನನ್ನ ಮುಖ ನೋಡಿದರು. ಅವರು ಕಾದಂಬರಿಯನ್ನು ಪೂರ್ತಿ ಓದಿದ್ದಾರೆ.

ಟೀ ವಿಷಯ ಒಪ್ಪಿದೆ. ಎಲ್ಲರೂ ಅದನ್ನೇ ಹೇಳುತ್ತಿದ್ದಾರೆ. ಪರದೆಯ ವಿಷಯಕ್ಕೆ ಬೈಯುವುದಿಲ್ಲ. ಯಾರೂ ನೋಡದ ಕಡೆ ಹೋಗಿ ಸ್ವಲ್ಪ ಅತ್ತೆ ಅಷ್ಟೆ.

ಆದರೆ ಅಬ್ಬಾ, ಒಂದು ಕೇಳಿಕೆ. ಪೂರ್ತಿ ಓದುವ ತನಕ ವಿಶ್ವನಾಥ ನೀವೇ ಎಂದು ಯಾರಿಗೂ ಹೇಳಬೇಡಿ. ಯಾಕೆ ಎಂದು ನಾನು ಹೇಳಿದರೆ ಕಥೆಯ ಮಜಾ ಹೋಗುತ್ತದೆ. ಬೇಗ ಓದಿ. ದಿನಕ್ಕೆ ಹತ್ತು ಪುಟವಾದರೂ ಓದಿ. ಅಮ್ಮಿ ಓದಿದರಾ? ಅವರು ಏನಾದರೂ ಹೇಳಿದರಾ? ಹೇಳದಿದ್ದರೂ ತಿಳಿಸಿ.

ಝುಬೇರ್ ಓದಿದರು. ನಗಲಿಲ್ಲ. ಆದರೆ ಮರುದಿನ ಹಾರ್ಡ್‌ವೇರ್ ಅಂಗಡಿಯಿಂದ ಬರುವಾಗ ಹಿತ್ತಿಲ ಬಾಗಿಲಿಗೆ ಹೊಸ ಚಿಲಕ ತಂದು ಹಾಕಿದರು. ಒಳಗಿನಿಂದ ಹಾಕಿಕೊಳ್ಳುವಂಥದ್ದು. ಅವರ ವಿಮರ್ಶೆ ಅಷ್ಟೇ.

ನಿಮ್ಮ
ಅರ್ಜೂ


ಬಟವಾಡಿ
24 ಜುಲೈ 2025

ಅರ್ಜೂ,

ಹೇಳಬೇಡಿ ಅಂತ ನೀನು ಬರೆಯೋ ಹೊತ್ತಿಗೆ ಹೇಳೋದು ಯಾರಿಗೂ ಉಳಿದಿರ್ಲಿಲ್ಲ. ನೂರ ನಲವತ್ತನೇ ಪುಟದಲ್ಲಿದೀನಿ. ಮೊಹರಂ ಆದ್ಮೇಲೆ ಅಂಗಡೀಲಿ ಕೆಲಸ ಜಾಸ್ತಿ, ಓದೋಕೆ ಟೈಮಿಲ್ಲ.

ಈ ಊರಿಗೆ ಏನಾಗಿದೆಯೋ ಗೊತ್ತಾಗ್ತಾ ಇಲ್ಲ. ನೀನು ಫೇಮಸ್ ಆಗಿದ್ದಕ್ಕೆ ಇರ್ಬೇಕು. ಮೊನ್ನೆ ಆಟೋ ಅಣ್ಣಯ್ಯಪ್ಪ ಸೀಟು ಹೊಲಿಸೋಕೆ ಬಂದವ್ನು, ನಾನು ದಿನಾ ಹೇಳೋ ಜೋಕ್ ಹೇಳಿದ್ರೆ ನಗ್ಲೇ ಇಲ್ಲ.

"ಯಾಕ್ಲಾ, ಹಲ್ಲು ನೋವಾ?"

"ಇಲ್ಲ ಪಾಷಣ್ಣ. ಮನೇಲಿ ಅಕ್ಕ ಚೆನ್ನಾಗವ್ರಾ?"

"ಚೆನ್ನಾಗವ್ಳೆ."

"ಯಾವಾಗಾದ್ರೂ ಎಲ್ಲಿಗಾದ್ರೂ ಹೋಗ್ಬೇಕು ಅಂದ್ರೆ ನನ್ನ ನಂಬರ್ ಕೊಡಣ್ಣ ಅಕ್ಕಂಗೆ. ಎಷ್ಟೊತ್ತಿಗಾದ್ರೂ ಬರ್ತೀನಿ. ಬಾಡಿಗೆ ಬೇಡ."

ಎಂಥಾ ಗೌರವ ನೋಡು ಲೇಖಕಿ ತಾಯಿ ಅಂದ್ರೆ! ಪಕ್ಕದ ಮನೆ ಕದರಮ್ಮ ದಿನಾ ಬಂದು ಹೋಗ್ತಾಳೆ. ನೇರ ಅಡುಗೆಮನೆಗೆ ಹೋಗಿ ಉಪ್ಪಿನ ಡಬ್ಬ, ಸಕ್ಕರೆ ಡಬ್ಬ ಎರಡೂ ತೆಗೆದು ನಾಲಿಗೆ ಮೇಲೆ ಹಾಕ್ಕೊಂಡು ನೋಡ್ತಾಳೆ. "ಏನಮ್ಮ, ನಮ್ಮನೇಲಿ ಅಂಗಡಿ ಇಟ್ಟಿದೀವಾ?" ಅಂದ್ರೆ ನನ್ನ ಮುಖಾನೇ ನೋಡಲ್ಲ. ಗುಬ್ಬಿಯಿಂದ ವೆಂಕಟರಂಗಯ್ಯನ ಹೆಂಡ್ತಿ ದೊಡ್ಡಗಂಗಮ್ಮ ನಿಮ್ಮಮ್ಮಿಗೆ ಫೋನ್ ಮಾಡಿ, "ಖಮರಕ್ಕ, ಒಂದು ನಾಕು ದಿನ ನಮ್ಮ ತೋಟಕ್ಕೆ ಬಂದು ಇದ್ದು ಹೋಗು, ಅಣ್ಣಂಗೆ ಹೇಳಬೇಡ" ಅಂದ್ಳಂತೆ. ನಾನು ಪಕ್ಕದಲ್ಲೇ ಕೂತಿದ್ದೆ, ಸ್ಪೀಕರ್ ಆನ್ ಇತ್ತು!

ನಿಮ್ಮಮ್ಮಿ ಓದಿ ಮುಗಿಸಿದಾಳೆ. ನನ್ನ ಹಂಗೆ ಬೆರಳಿಟ್ಕೊಂಡು ಅಲ್ಲ, ಏಳನೇ ಕ್ಲಾಸಿನೋಳಲ್ವಾ, ಸರಸರ ಓದಿದ್ಲು. ಓದಿ ನನ್ನ ದಿಂಬಿನ ಪಕ್ಕ ಇಟ್ಟು, "ನೀವೂ ಓದಿ" ಅಂದ್ಲು ಅಷ್ಟೇ. ಹೆಂಗಿದೆ ಅಂದ್ರೆ ಪಾತ್ರೆ ತೊಳೆಯೋಕೆ ಹೋದ್ಲು.

ವಿಶ್ವನಾಥ ಈಗ ಸ್ವಲ್ಪ ಜಾಸ್ತಿ ಮಾಡ್ತಾ ಇದಾನೆ. ಬೀಗದ ಕೈ ತಾನೇ ಎತ್ತಿಟ್ಕೊಂಡು "ಮರೆತುಬಿಟ್ಳು ನಮ್ಮ ಪ್ರೊಫೆಸರಮ್ಮ" ಅಂತ ನೆಂಟರ ಮುಂದೆ ನಗಿಸ್ತಾನೆ. ಇರ್ಲಿ, ಕೊನೇಲಿ ಏನೋ ಸರ್‌ಪ್ರೈಸ್ ಇಟ್ಟಿರ್ತಾನೆ ಹೆಂಡ್ತಿಗೆ. ಹುಟ್ಟಿದ ಹಬ್ಬ ಗಿಬ್ಬ. ನಾಳೆ ಶುಕ್ರವಾರ, ನಮಾಜ್ ಆದ್ಮೇಲೆ ಅಂಗಡಿ ತೆಗೆಯಲ್ಲ, ಕೂತು ಮುಗಿಸ್ತೀನಿ.

ಅಬ್ಬಾ


ಬಟವಾಡಿ
26 ಜುಲೈ 2025

ಅರ್ಜೂಗೆ,

ಪುಸ್ತಕ ಓದಿ ಮುಗಿಸಿದೆ. ಬೈಂಡಿಂಗ್ ಗಟ್ಟಿಯಾಗಿದೆ. ಅಕ್ಷರ ಸ್ಪಷ್ಟವಾಗಿದೆ.

ಇಲ್ಲಿ ಎಲ್ಲರೂ ಕ್ಷೇಮ.

ಮುನಾವರ್ ಪಾಷಾ


ಕುಣಿಗಲ್
4 ಆಗಸ್ಟ್ 2025

ಪ್ರೀತಿಯ ಅಬ್ಬಾ,

ನಿಮ್ಮ ನಾಲ್ಕು ಸಾಲು ಬಂದ ದಿನದಿಂದ ಏನು ಬರೆಯಬೇಕೆಂದು ತಿಳಿಯದೆ ಕೂತಿದ್ದೇನೆ. ಬೈಂಡಿಂಗ್ ಗಟ್ಟಿಯಾಗಿದೆ ಎಂದು ಹೇಳಲು ನೀವು ಇನ್ನೂರ ಮೂವತ್ತು ಪುಟ ಬೆರಳಿಟ್ಟು ಓದಬೇಕಿರಲಿಲ್ಲ.

ನಿನ್ನೆ ನಮ್ಮ ಬಸ್ ನಿಲ್ದಾಣದ ಹತ್ತಿರ ತುಮಕೂರಿನ ಆಟೋ ಒಂದು ನಿಂತಿತ್ತು. ಹಿಂದಿನ ಪರದೆಯಲ್ಲಿ ಹಳದಿ ದಾರದ ತೂತುಗಳಿದ್ದವು. ಚಿಲಕವೂ ಇಲ್ಲ, ನನ್ನ ಹೆಸರೂ ಇಲ್ಲ. ಯಾಕೆಂದು ಕೇಳಿದರೆ "ಪಾಷಣ್ಣನೇ ಕರ್ದು ಬಿಚ್ಚಾಕಿದ್ರು ಮೇಡಂ, ಎಲ್ಲಾ ಆಟೋಗಳ್ದೂ ಬಿಚ್ತಾ ಅವ್ರೆ" ಎಂದ. ನಾನು ಯಾರೆಂದು ಅವನಿಗೆ ಹೇಳಲಿಲ್ಲ.

ನನ್ನ ಹೆಸರನ್ನು ಬಿಚ್ಚಿ ತೆಗೆಯುವಷ್ಟು ನಾಚಿಕೆಯಾಯಿತೇ ಅಬ್ಬಾ?

ವಿಶ್ವನಾಥ ನೀವಲ್ಲ. ಆಣೆ ಮಾಡಿ ಹೇಳುತ್ತೇನೆ. ಝುಬೇರ್ ಅಲ್ಲವೇ ಅಲ್ಲ, ಅದು ಊರಿಗೇ ಗೊತ್ತು, ಅವರಿಗೆ ಒಂದು ಜೋಕೂ ಬರುವುದಿಲ್ಲ. ವಿಶ್ವನಾಥ ಯಾರೂ ಅಲ್ಲ. ಉಪ್ಪು ಸಕ್ಕರೆ ಡಬ್ಬ ಅದಲುಬದಲು ಮಾಡಿಟ್ಟು, ಹೆಂಡತಿಗೆ ಹುಚ್ಚು ಹಿಡಿದಿದೆ ಎಂದು ಅವಳೇ ನಂಬುವ ಹಾಗೆ ಮಾಡಿ, ಕೊನೆಗೆ ದೇವರಾಯನದುರ್ಗದ ಬೆಟ್ಟದಿಂದ ತಳ್ಳಲು ಹೊರಡುವ ಮನುಷ್ಯನನ್ನು ನಾನು ನೋಡಿಲ್ಲ. ಆದರೆ ಅವನು ಜನರನ್ನು ನಗಿಸಬೇಕಿತ್ತು. ನಗಿಸುವುದು ಹೇಗೆಂದು ನನಗೆ ನಿಮ್ಮೊಬ್ಬರಿಂದ ಬಿಟ್ಟು ಬೇರೆ ಯಾರಿಂದಲೂ ಗೊತ್ತಿಲ್ಲ. ಅದಕ್ಕೆ ನಿಮ್ಮ ಜೋಕುಗಳನ್ನು ಎತ್ತಿಕೊಂಡೆ. ಕೇಳದೆ ಎತ್ತಿಕೊಂಡದ್ದು ತಪ್ಪೇ.

ಪ್ರಕಾಶಕರು ಎರಡನೇ ಮುದ್ರಣಕ್ಕೆ ಹೊರಟಿದ್ದಾರೆ. ಆಗಸ್ಟ್ ಕೊನೆಗೆ ಅಚ್ಚಿಗೆ ಹೋಗುತ್ತದೆ. ಅವರ ಹತ್ತಿರ ಮಾತಾಡಿದ್ದೇನೆ. ವಿಶ್ವನಾಥನನ್ನು ಮಾತೇ ಆಡದ ಮನುಷ್ಯನನ್ನಾಗಿ ಬದಲಿಸಬಹುದು. ಒಂದೂ ಜೋಕಿಲ್ಲದವನು. ನೀವು ಹೂಂ ಎಂದರೆ ಬದಲಿಸುತ್ತೇನೆ. ಸೆಪ್ಟೆಂಬರ್ ಹದಿನಾಲ್ಕನೇ ತಾರೀಕು, ಭಾನುವಾರ, ಗುಬ್ಬಿಯ ಓದುಗರ ಬಳಗದವರು ಸನ್ಮಾನ ಇಟ್ಟುಕೊಂಡಿದ್ದಾರೆ. ತಂದೆ ತಾಯಿಯನ್ನೂ ವೇದಿಕೆಗೆ ಕರೆಯಬೇಕು ಎಂದು ಹಟ ಹಿಡಿದವರು ನಿಮ್ಮ ವೆಂಕಟರಂಗಯ್ಯನವರೇ. ನೀವು ಬರದಿದ್ದರೆ ನಾನೂ ಹೋಗುವುದಿಲ್ಲ.

ಹೂಂ ಅಥವಾ ಬೇಡ. ಒಂದು ಪದ ಬರೆಯಿರಿ, ಸಾಕು.

ಅರ್ಜೂ


ಕುಣಿಗಲ್
18 ಆಗಸ್ಟ್ 2025

ಅಬ್ಬಾ,

ನಿಮ್ಮಿಂದ ಕಾಗದವಿಲ್ಲ. ಅಮ್ಮಿ ಫೋನ್ ಮಾಡಿದ್ದರು. "ನಿಮ್ಮಬ್ಬಾ ಮನೇಲಿ ಮಾತಾಡ್ತಾರೆ, ಜೋಕ್ ಮಾತ್ರ ಹೇಳಲ್ಲ. ಟೀ ಕೊಟ್ರೆ ಚೆನ್ನಾಗಿದೆ ಅಂತಾರೆ. ನಂಗೆ ಭಯ ಆಗ್ತಿದೆ, ಕ್ಲಿನಿಕ್ಕಿಗೆ ಕರ್ಕೊಂಡ್ ಹೋಗ್ತೀನಿ" ಎಂದರು.

ನಾನು ವಿಶ್ವನಾಥನನ್ನು ತಿದ್ದಲು ಶುರು ಮಾಡಿದ್ದೇನೆ. ಮೂರು ಅಧ್ಯಾಯ ಆಯಿತು. ಅವನೀಗ ಮೂಲೆಯಲ್ಲಿ ಕೂತು ಪೇಪರ್ ಓದುತ್ತಾನೆ. ಸುಮ್ಮನೆ ಓದುತ್ತಾನೆ ಅಷ್ಟೆ.

ನಲವತ್ತೊಂದನೇ ಪುಟಕ್ಕೆ ಬಂದು ನಿಂತಿದ್ದೇನೆ. ಆ ಒಂದು ಪುಟವನ್ನು ಅಳಿಸಲು ಕೈ ಬರುತ್ತಿಲ್ಲ. ಕಾರಣ ಕೇಳಬೇಡಿ. ನಿಮ್ಮ ಉತ್ತರ ಬಂದರೆ ಅಳಿಸುತ್ತೇನೆ.

ಅರ್ಜೂ


ಉಪ್ಪಾರಹಳ್ಳಿ, ತುಮಕೂರು
26 ಆಗಸ್ಟ್ 2025

ಅರ್ಜೂ, ನನ್ನ ಬಂಗಾರ,

ಪೆನ್ ಕೆಳಗಿಡು. ತಿದ್ದಿದ್ದೆಲ್ಲ ಹರಿದಾಕು. ಮೂಲೇಲಿ ಕೂತು ಪೇಪರ್ ಓದೋ ವಿಶ್ವನಾಥನ್ನ ಎಬ್ಬಿಸು. ಇದು ನಿನ್ನ ಒಂದು ಪದದ ಉತ್ತರ. ಇನ್ನು ಮೇಲೆ ಬರೆಯೋದೆಲ್ಲ ಅದಕ್ಕೆ ಹೊಲಿಗೆ. ಅಂಗಡಿಯಿಂದ ಬೇಗ ಬಂದು ಮನೇಲಿ ಕೂತು ಬರೀತಾ ಇದೀನಿ, ನಿಧಾನವಾಗಿ ಓದು.

ಮೊದ್ಲು ಪರದೆ ವಿಷ್ಯ. ನೀನು ತಪ್ಪು ತಿಳ್ಕೊಂಡೆ. ನಾನು ಬಿಚ್ಚಿದ್ದು ನಿನ್ನ ಹೆಸರಿಗೆ ನಾಚಿ ಅಲ್ಲ ಕಣಮ್ಮ. ನೀನು ಪುಸ್ತಕ ಬರೆದೆ, ಜನ ಓದಿದ್ರು, ಭಯ ಬಿದ್ರು. ಅದು ನಿನ್ನ ಗೆಲುವು. ಆದ್ರೆ ಓದಿದೋನು ತಲೆ ಎತ್ತಿ ನೋಡಿದ್ರೆ ಆಟೋ ಹಿಂದೆ "ನಮ್ಮ ಉಪ್ಪಾರಹಳ್ಳಿ ಹುಡುಗಿ" ಅಂತ ಇರೋದು. ಉಪ್ಪಾರಹಳ್ಳೀಲಿ ಅವರಪ್ಪ ಯಾರು? ಮುನಾವರ್ ಪಾಷಾ. ಅವನೇನಂದಿದ್ದ? ವಿಶ್ವನಾಥ ಅಂದ್ರೆ ನಾನೇ ಅಂದಿದ್ದ. ತೊಂಬತ್ತೇ ಪುಟ ಓದಿ ಡಂಗುರ ಹೊಡೆದಿದ್ನಲ್ಲ! ಕೊಲೆ ಮಾಡೋಕೆ ಹೋಗೋ ಪಾತ್ರಾನ ನಂದು ನಂದು ಅಂತ ಹಟ ಮಾಡಿ ಈಸ್ಕೊಂಡ ಮನುಷ್ಯ ಕರ್ನಾಟಕದಲ್ಲಿ ನಾನೊಬ್ನೇ ಇರ್ಬೇಕು. ಜನ ನಿನ್ನ ಬಗ್ಗೆ "ಪಾಪ, ಎಂಥಾ ಮನೇಲಿ ಬೆಳೆದ್ಲೋ" ಅಂದ್ಕೋತಾರೆ ಅಂತ ನಂಗೆ ಹೊಟ್ಟೆ ಉರೀತು. ಅದಕ್ಕೆ ಬಿಚ್ಚಿದೆ. ಮಾತಲ್ಲಿ ಬಿಚ್ಚೋಕೆ ಆಗ್ಲಿಲ್ಲ, ಕತ್ತರೀಲಿ ಬಿಚ್ಚಿದೆ.

ಅಣ್ಣಯ್ಯಪ್ಪ ಮಾತ್ರ ಬಿಚ್ಚೋಕೆ ಬಿಡ್ಲಿಲ್ಲ. "ನಿಮ್ ಮೇಲೆ ಅನುಮಾನ ಬೇರೆ ವಿಷ್ಯ ಅಣ್ಣ, ಪುಸ್ತಕ ಚೆನ್ನಾಗೈತೆ, ಇರ್ಲಿ" ಅಂದ ಬಡ್ಡಿಮಗ.

ಆಮೇಲೆ ಜೋಕ್ ನಿಲ್ಲಿಸಿದೆ. ಬಾಯಿಗೆ ಬರೋದು, ಹಲ್ಲಿನ ಹತ್ರ ಬಂದಾಗ ವಿಶ್ವನಾಥ ನೆನಪಾಗೋನು, ನಾನು ನುಂಗ್ಕೋತಿದ್ದೆ. ನಿಮ್ಮಮ್ಮೀನ ಒಂದು ಮಾತು ಕೇಳ್ಬೇಕಿತ್ತು. ಕೇಳೋಕೆ ಧೈರ್ಯ ಇರ್ಲಿಲ್ಲ. ಅವಳು ಓದಿ ಸುಮ್ಮನೆ ಪುಸ್ತಕ ಇಟ್ಟು ಹೋದ್ಳಲ್ಲ, ನಿಂಗೂ ಆ ಕಾವೇರಿ ಥರ ಆಗಿತ್ತಾ ಅಂತ ಕೇಳಿದ್ರೆ, ಹೌದು ಅಂದುಬಿಟ್ರೆ?

ಕ್ಲಿನಿಕ್ಕಿಗೆ ಎಳ್ಕೊಂಡ್ ಹೋದ್ಲು. ಡಾಕ್ಟ್ರು ಬಿ.ಪಿ. ನೋಡಿದ್ರು, ಶುಗರ್ ನೋಡಿದ್ರು, ನಾಲಿಗೆ ನೋಡಿದ್ರು. "ಎಲ್ಲಾ ಸರಿ ಇದೆಯಲ್ಲಮ್ಮ, ಏನ್ ತೊಂದ್ರೆ?"

"ಇವರು ಒಂದು ತಿಂಗಳಿಂದ ಜೋಕ್ ಹೇಳಿಲ್ಲ ಡಾಕ್ಟ್ರೆ."

"ನಮ್ಮನೇಲಿ ಹಂಗಾದ್ರೆ ಸ್ವೀಟ್ ಹಂಚ್ತಾರಮ್ಮ" ಅಂದ್ರು ಡಾಕ್ಟ್ರು. ಹೊರಗಡೆ ಕೂತಿದ್ದೋರೆಲ್ಲ ನಕ್ರು. ನಿಮ್ಮಮ್ಮಿ ನಗ್ಲಿಲ್ಲ. ನಾನೂ ನಗ್ಲಿಲ್ಲ.

ಬರ್ತಾ ಅಣ್ಣಯ್ಯಪ್ಪನ ಆಟೋನೇ ಸಿಕ್ತು. ಹಿಂದೆ ಕೂತಿದ್ವಿ. ಮುಂದೆ ಅವನ ಕಿವಿ ಮೊಲದ ಹಂಗೆ ಎದ್ದಿತ್ತು, ಆದ್ರೂ ಕೇಳ್ಬಿಟ್ಟೆ.

"ಖಮರು, ನಾನು ಆ ವಿಶ್ವನಾಥನ ಥರಾನಾ?"

ಅವಳು ಸೆರಗು ಸರಿ ಮಾಡ್ಕೊಂಡ್ಲು. "ಇಷ್ಟು ದಿನ ಇದಕ್ಕಾ ಬಾಯಿಗೆ ಬೀಗ ಹಾಕ್ಕೊಂಡಿದ್ದು?"

"ಹೇಳು ಮೊದ್ಲು."

"ಅವನು ಜೋಕ್ ಹೇಳಿ ಬಂದೋರ ಮುಖ ನೋಡ್ತಾನೆ, ಯಾರ್ಯಾರು ನಕ್ರು ಅಂತ. ನೀವು ಜೋಕ್ ಹೇಳಿ ನನ್ನ ಮುಖ ನೋಡ್ತೀರ. ನಾನು ನಗೋವರ್ಗೂ ಬಿಡಲ್ಲ. ಅರ್ಧ ಜೋಕಿಗೆ ನಗು ಬರಲ್ಲ ನಂಗೆ, ನೀವು ನೋಡೋ ನೋಟಕ್ಕೇ ನಕ್ಕಿರ್ತೀನಿ."

ನಂಗೆ ಹೋದ ಜೀವ ಬಂದಂಗಾಯ್ತು. ಮುಂದೆ ಅಣ್ಣಯ್ಯಪ್ಪ ಸುಮ್ಮನೆ ಹಾರ್ನ್ ಹೊಡೆದ. ಇನ್ನೇನು ಒಂದು ಜೋಕ್ ಬಿಡೋಣ ಅಂತ ಬಾಯಿ ತೆಗೆದೆ. ಅವಳು ಕೈ ಹಿಡ್ಕೊಂಡು ತಡೆದ್ಲು.

"ಒಂದು ಬಿಟ್ಟು" ಅಂದ್ಲು.

"ಯಾವ್ದು?"

"ಅಕ್ಕನ್ನ ತೋರಿಸಿ ತಂಗೀನ ಕೂರಿಸಿದ್ರು ಅನ್ನೋದು. ಅದೊಂದು ಹೇಳೋವಾಗ ನೀವು ನನ್ನ ಕಡೆ ನೋಡಲ್ಲ. ಯಾವತ್ತೂ ನೋಡಿಲ್ಲ. ನಿಮಗೆ ತೋರಿಸಿದ್ದು ನನ್ನನ್ನೇ, ನೀವು ಒಪ್ಪಿದ್ದೂ ನನ್ನನ್ನೇ. ಆದ್ರೂ ನಮ್ಮಕ್ಕ ಸತ್ತ ಮನೇಲೂ ಯಾರೋ ಒಬ್ರು ಬಂದು, ನಿನ್ನ ಬದ್ಲು ಈಕೇನಾ ತೋರಿಸಿದ್ದು ಅಂತ ಕೇಳಿದ್ರು. ನಿಜ ಅಂದ್ಕೊಂಡವ್ರೆ ಜನ. ಎಲ್ರೂ ನಗ್ತಿದ್ರಲ್ಲ, ನಾನು ಯಾರಿಗೆ ಹೇಳ್ಲಿ? ನಗು ಮುಗಿಯೋವರ್ಗೂ ಅಡುಗೆಮನೇಲಿ ನಿಂತಿರ್ತಿದ್ದೆ. ಅರ್ಜೂ ಸಣ್ಣೋಳು, ಬಂದು ನನ್ನ ಸೆರಗು ಹಿಡ್ಕೊಂಡು ನಿಂತ್ಕೋತಿದ್ಲು. ಒಂದು ಮಾತೂ ಕೇಳ್ತಿರ್ಲಿಲ್ಲ."

ಆಗ ಗೊತ್ತಾಯ್ತು ಕಣಮ್ಮ ನಲವತ್ತೊಂದನೇ ಪುಟಕ್ಕೆ ನಿನ್ನ ಕೈ ಯಾಕೆ ಬರ್ಲಿಲ್ಲ ಅಂತ. ಆ ಪುಟದಲ್ಲಿ ಎಲ್ರೂ ನಕ್ಕ ಮೇಲೆ ಕಾವೇರಿ ಒಳಗೆ ಹೋಗಿ ಟೀ ಮಾಡ್ತಾಳಲ್ಲ. ನಾನು ಸಿಲಿಂಡರ್ ಗತಿ ಏನು ಅಂತ ಬರೆದಿದ್ನಲ್ಲ. ಹೋಗಿ ಮತ್ತೆ ತೆಗೆದು ನೋಡಿದೆ. ಅವಳು ಟೀ ಮಾಡೋಕೆ ಹೋಗೋದು ಪ್ರತಿ ಸಲಾನೂ ಅವನು ಜೋಕ್ ಹೇಳಿದ ಮೇಲೇನೇ. ಅದು ಎಳೆದಿದ್ದಲ್ಲ. ನಾನೇ ಸರಿಯಾಗಿ ಓದಿಲ್ಲ. ಆ ಮಾತು ವಾಪಸ್ ತಗೋತೀನಿ.

ನಿಮ್ಮಮ್ಮಿಗೆ ಹೇಳ್ದೆ, "ಆಯ್ತು, ಆ ಜೋಕ್ ನಿಲ್ಲಿಸ್ತೀನಿ. ಪುಸ್ತಕದಿಂದ್ಲೂ ತೆಗೆಸ್ತೀನಿ, ಅರ್ಜೂಗೆ ಬರೀತೀನಿ." ಅವಳು ಏನಂದ್ಲು ಗೊತ್ತಾ? "ಪುಸ್ತಕದಲ್ಲಿ ಇರ್ಲಿ. ಅಲ್ಲೇ ಇರ್ಲಿ. ಅದನ್ನ ಹೇಳೋನು ಎಂಥೋನು ಅಂತ ಅಲ್ಲಿ ಓದಿದೋರಿಗೆ ಗೊತ್ತಾಗ್ತದೆ." ಅಣ್ಣಯ್ಯಪ್ಪ ಗಾಡಿ ಸ್ಲೋ ಮಾಡಿ ಹಿಂದೆ ತಿರುಗಿದ. "ರೋಡ್ ನೋಡ್ಲಾ!" ಅಂದೆ. "ನೋಡ್ತಾ ಇದೀನಣ್ಣ, ಕಣ್ಣಿಗೆ ಧೂಳು ಬಿತ್ತು" ಅಂದ.

ಈಗ ಹೇಳು, ಬದಲಾಯಿಸ್ತೀಯಾ? ಮಾತೇ ಆಡದ ವಿಶ್ವನಾಥನ್ನ ಮಾಡ್ತೀನಿ ಅಂದ್ಯಲ್ಲ, ಅಂಥೋನ್ನ ಮೊದಲನೇ ಪುಟದಲ್ಲೇ ಊರೆಲ್ಲ ಅನುಮಾನ ಪಡ್ತದೆ. ಮೂಲೇಲಿ ಕೂತು ಪೇಪರ್ ಓದೋನ್ನ ಪೊಲೀಸ್ನೋರು ಮೊದ್ಲು ಹಿಡ್ಕೊಂಡ್ ಹೋಗ್ತಾರೆ. ನಗಿಸೋನ್ನ ಯಾರು ಅನುಮಾನ ಪಡ್ತಾರೆ? ನಾನೇ ಪಡ್ಲಿಲ್ಲ, ಹುಟ್ಟಿದ ಹಬ್ಬಕ್ಕೆ ಸರ್‌ಪ್ರೈಸ್ ಇಟ್ಟಿರ್ತಾನೆ ಅಂದ್ಕೊಂಡಿದ್ದೆ! ಅಲ್ಲೇ ಇರೋದು ನಿನ್ನ ಪುಸ್ತಕದ ಭಯ. ಕಾವೇರಿ ಹೋಗಿ ಯಾರಿಗೆ ಹೇಳಿದ್ರೂ "ಅಯ್ಯೋ ವಿಶ್ವಣ್ಣ ತಮಾಷೆ ಮಾಡಿರ್ತಾರೆ" ಅಂತಾರಲ್ಲ, ಅಲ್ಲಿ ನನ್ನ ಬೆನ್ನೆಲ್ಲ ತಣ್ಣಗಾಯ್ತು. ಗುಬ್ಬಿ ದೊಡ್ಡಗಂಗಮ್ಮ ಆ ಪುಟ ಓದಿ ಊಟ ಬಿಟ್ಟಿದ್ಲಂತೆ. ಅವಳೇ ಫೋನಲ್ಲಿ ಹೇಳಿದ್ಲು, "ನಮ್ಮ ಭಾವಾನೂ ಹಿಂಗೇ ಕಣಣ್ಣ, ಮನೆ ತುಂಬಾ ನಗಿಸೋನು. ನಮ್ಮಕ್ಕ ಅತ್ರೂ ಅದೂ ಒಂದು ತಮಾಷೆ ಅಂತಿದ್ವಿ. ಪುಸ್ತಕ ತಗಂಡು ಹೋಗಿ ಅಕ್ಕನ ಜೊತೆ ಎರಡು ದಿನ ಇದ್ದು ಬಂದೆ. ಅವಳು ಮಾತಾಡಿದ್ಲು." ಅಷ್ಟು ಸಾಕಲ್ವೇನಮ್ಮ ಒಂದು ಪುಸ್ತಕಕ್ಕೆ? ನಾನು ಇಷ್ಟು ವರ್ಷ ಜನಾನ ನಗಿಸಿದೀನಿ. ನಗೋರ ಮಧ್ಯೆ ನಗದೇ ಇರೋರು ಯಾರು ಅಂತ ನೋಡೋ ಕಣ್ಣು ನನ್ನ ಮಗಳಿಗೆ ಬಂತು. ಎಲ್ಲಿಂದ ಬಂತೋ. ನಿಮ್ಮಮ್ಮಿ ಸೆರಗಿಂದ ಬಂದಿರ್ಬೇಕು.

ಹೆಮ್ಮೆ ಆಯ್ತು ಅಂತ ನಾನು ವಿಮರ್ಶೆ ಬಿಡ್ತೀನಿ ಅಂದ್ಕೋಬೇಡ. ನೆಟ್ಟಗೆ ಹೇಳಿ ಅಂದ್ಯಲ್ಲ. ದೇವರಾಯನದುರ್ಗದ ಸೀನ್ ನಂಗೆ ಒಪ್ಪಿಗೆ ಇಲ್ಲ. ಭಾನುವಾರ ಅಂತ ಬರೆದಿದೀಯ. ಭಾನುವಾರ ಆ ಬೆಟ್ಟದ ಮೇಲೆ ತಳ್ಳೋಕೆ ಜಾಗ ಎಲ್ಲಿದೆ? ಬಂಡೆ ಬಂಡೆಗೂ ಸೆಲ್ಫಿ ತೆಗೆಯೋರು ಕ್ಯೂ ನಿಂತಿರ್ತಾರೆ. "ಸಾರ್, ನೀವು ತಳ್ಳಿ ಆದ್ಮೇಲೆ ನಾವು ನಿಂತ್ಕೋತೀವಿ" ಅಂತಾರೆ. ಮಂಗಗಳಿಗೆ ಒಂದೇ ಒಂದು ಸಾಲು ಕೊಟ್ಟಿದೀಯ, ಅವು ಅಷ್ಟಕ್ಕೆ ಬಿಡೋವಲ್ಲ, ಕಾವೇರಿ ಬ್ಯಾಗು ಮೊದ್ಲೇ ಹೋಗಿರ್ಬೇಕಿತ್ತು. ವಾರದ ಮಧ್ಯೆ ಇಟ್ಕೋ. ಕೊನೇಲಿ ಪೊಲೀಸ್ ಇನ್ಸ್‌ಪೆಕ್ಟ್ರು ಎಲ್ಲಾನೂ ಬಿಡಿಸಿ ಬಿಡಿಸಿ ಹೇಳೋದು ಬೇಕಾಗಿರ್ಲಿಲ್ಲ, ಅಷ್ಟೊತ್ತಿಗೆ ನಂಗೇ ಗೊತ್ತಾಗಿತ್ತು, ನಾಲ್ಕನೇ ಕ್ಲಾಸಿನೋನಿಗೆ. ಇನ್ನೊಂದು, ಕಾವೇರಿ ಹಿತ್ತಿಲ ಚಿಲಕ ತೆಗೆದು ಹೊರಗೆ ಬಂದ್ಲಲ್ಲ, ಆಮೇಲೆ ಎಲ್ಲಿಗೆ ಹೋದ್ಲು ಅಂತ ಹೇಳಿಲ್ಲ ನೀನು. ನಿಮ್ಮಮ್ಮಿಗೆ ಅದೊಂದು ಚಿಂತೆ. ದಿನಾ ಕೇಳ್ತಾಳೆ, "ಪಾಪ, ಆ ಹುಡುಗಿ ಊಟಕ್ಕೆ ಏನ್ ಮಾಡಿದ್ಲೋ" ಅಂತ. ಎರಡನೇ ಪ್ರಿಂಟಲ್ಲಿ ಅವಳಿಗೆ ಎಲ್ಲಾದ್ರೂ ಒಂದು ಮನೆ ಮಾಡಿಕೊಡು. ಬಾಡಿಗೆ ಮನೆ ಆದ್ರೂ ಪರವಾಗಿಲ್ಲ.

ಒಟ್ಟು ಹೇಳೋದಾದ್ರೆ, ಮುಕ್ಕಾಲು ಭಾಗ ನನ್ನನ್ನ ಎದ್ದೇಳೋಕೆ ಬಿಡ್ಲಿಲ್ಲ, ಕಾಲು ಭಾಗ ಆಕಳಿಸಿದೆ. ಅದ್ರಲ್ಲಿ ಸ್ವಲ್ಪ ನನ್ನ ಓದಿನ ತಪ್ಪು. ವಿಶ್ವನಾಥನ್ನ ಹಂಗೇ ಅಚ್ಚಿಗೆ ಕಳ್ಸು.

ಇವತ್ತು ಬೆಳಿಗ್ಗೆಯಿಂದ ಪರದೆಗಳನ್ನ ಮತ್ತೆ ಹೊಲೀತಾ ಇದೀನಿ. ಆಟೋದೋರನ್ನ ಕರ್ದು ಕರ್ದು ಕೂರಿಸ್ತಾ ಇದೀನಿ. ಈ ಸಲ ದಾರ ಡಬಲ್. ಒಬ್ಬ ಕೇಳಿದ, "ಪಾಷಣ್ಣ, ಹಂಗಾದ್ರೆ ವಿಶ್ವನಾಥ ನೀನಲ್ವಾ?" ನಾನಂದೆ, "ಅಲ್ಲ ಕಣಪ್ಪ. ನನ್ನ ಅಂಗಡೀಲಿ ಕೆಲ್ಸಕ್ಕಿದ್ದ, ಜೋಕ್ ಕದ್ಕೊಂಡ್ ಓಡ್ಹೋದ." ಅವನು ನಕ್ಕ. ಊರು ಸರಿ ಹೋಗೋಕೆ ಇನ್ನೂ ಸ್ವಲ್ಪ ದಿನ ಬೇಕು. ಕದರಮ್ಮ ಇವತ್ತೂ ಬಂದು ಸಕ್ಕರೆ ಮುಕ್ಕಿ ಹೋದ್ಲು, ಅವಳಿಗೆ ಅದು ಅಭ್ಯಾಸ ಆಗ್ಬಿಟ್ಟಿದೆ.

ಗುಬ್ಬಿಗೆ ಬರ್ತೀವಿ. ಇಬ್ರೂ ಬರ್ತೀವಿ. ನಿಮ್ಮಮ್ಮಿ ಸ್ಟೇಜ್ ಹತ್ತಲ್ವಂತೆ, ಮುಂದಿನ ಸಾಲಲ್ಲಿ ಕೂತ್ಕೋತೀನಿ ಅಂದ್ಲು. ಹಸಿರು ಸೀರೆ ತೆಗೆದಿಟ್ಟವ್ಳೆ ಈಗ್ಲೇ. ನಾನು ಹತ್ತೋನೇ. ಬೇಡ ಅಂದ್ರೂ ಹತ್ತೋನೇ. ಝುಬೇರ್‌ನೂ ಕರ್ಕೊಂಡ್ ಬಾ, ಒಬ್ನಾದ್ರೂ ನಗದೇ ಕೂತಿದ್ರೆ ಸಭೆಗೆ ಒಂದು ಮರ್ಯಾದೆ.

ಮೈಕ್ ಕೈಗೆ ಕೊಟ್ರೆ ಏನ್ ಹೇಳ್ಬೇಕು ಅಂತ ಬಾಯಿಪಾಠ ಮಾಡ್ಕೊಂಡಿದೀನಿ, ಕೇಳು. "ಸ್ವಾಮಿ, ಈ ಪುಸ್ತಕ ಬರೆದೋಳು ನನ್ನ ಮಗಳು. ಇದ್ರಲ್ಲಿರೋ ಬುದ್ಧಿಯೆಲ್ಲ ಅವಳ್ದು. ಇದ್ರಲ್ಲಿರೋ ಜೋಕೆಲ್ಲ ನಂದು, ಒಂದು ಬಿಟ್ಟು." ಅಷ್ಟೇ. ಅಷ್ಟು ಹೇಳಿ ಮುಂದಿನ ಸಾಲಿನ ಕಡೆ ನೋಡ್ತೀನಿ. ಜನ ಚಪ್ಪಾಳೆ ಹೊಡೀಲಿ ಬಿಡ್ಲಿ, ನಂಗೆ ನೋಡಬೇಕಾಗಿರೋದು ಅಲ್ಲಿ ಅವಳು

ತಡಿ, ಕೂಗ್ತಾವ್ಳೆ. "ಖಾನಾ ಥಂಡಾ ಹೋರಾ ಜೀ! ಕಾಗದ ತಿಂದ್ರೆ ಹೊಟ್ಟೆ ತುಂಬ್ತದಾ?" ಅಂತ. ಮುದ್ದೆ ತಟ್ಟೆಗೆ ಹಾಕಿಯಾಗಿದೆ, ತಣ್ಣಗಾಗ್ತಾ ಇದೆ, ಹುರುಳಿಕಾಳು ಸಾರಿನ ವಾಸನೆ ಇಲ್ಲೀವರ್ಗೂ ಬಂತು. ಬಂದೆ ಖಮರು, ಬಂದೆ.